ಚಿಪ್ಪೂ ಹಲ್ಲೂ ಬೆಳೆಯುವ ಬಗೆ

ಮುತ್ತಿನ ಸಿಂಪಿಯ ಚಿಪ್ಪನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಎರಡು ಮುಖಗಳ ವ್ಯತ್ಯಾಸ ನಮಗೆ ಒಡನೆಯೇ ಕಾಣುತ್ತದೆ. ಹೊರಗೆ ಒರಟು, ಒಳಗೆ ಕಾಮನಬಿಲ್ಲಿನ ಹೊಳಪು. ಆದರೂ ಎರಡರಲ್ಲಿರುವ ಖನಿಜ ಒಂದೇ, ಕ್ಯಾಲ್ಸಿಯಂ ಕಾರ್ಬೊನೇಟು. ಸುಣ್ಣಕಲ್ಲಿನಲ್ಲಿರುವುದೂ ಅದೇ, ನಮ್ಮ ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದುದೂ ಇದರಿಂದಲೇ. ಆದರೆ ಹೊರಪದರದಲ್ಲಿ ಅದು ಕ್ಯಾಲ್ಸೈಟ್ ಎಂಬ ಹರಳಾಗಿಯೂ, ಒಳಪದರದಲ್ಲಿ ಅರಾಗೊನೈಟ್ ಎಂಬ ಬೇರೊಂದು ಹರಳಾಗಿಯೂ ಕಟ್ಟಿಕೊಂಡಿದೆ. ಪ್ರಾಣಿ ಒಂದೇ, ಕಡಲನೀರೂ ಒಂದೇ. ಹರಳು ಮಾತ್ರ ಎರಡು. ಇದನ್ನು ಗೊತ್ತುಮಾಡುವುದು ಯಾವುದು?

ಹಳೆಯ ಪುಸ್ತಕಗಳು ಸಸಾರಜನಕವೆಂದು ಕರೆದ ಪ್ರೋಟೀನುಗಳೇ ಎಂಬುದಕ್ಕೆ ೧೯೯೬ರಲ್ಲಿ ಒಳ್ಳೆಯ ಸಾಕ್ಷ್ಯ ದೊರೆಯಿತು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಲಿಯಾ ಅಡ್ಡಾಡಿ, ಸ್ಟೀವ್ ವೈನರ್ ಮತ್ತು ಸಂಗಡಿಗರು ಚಿಪ್ಪಿನ ಎರಡು ಬಗೆಯ ಪದರಗಳಿಂದ ಪ್ರೋಟೀನುಯುಕ್ತ ವಸ್ತುವನ್ನು ಪ್ರತ್ಯೇಕವಾಗಿ ತೆಗೆದು, ಕೈಟಿನ್ ಮತ್ತು ರೇಷ್ಮೆಯ ಪ್ರೋಟೀನಿನ ಹಂದರದ ಮೇಲಿರಿಸಿ ಹರಳು ಬೆಳೆಸಿದರು. ಅರಾಗೊನೈಟ್ ಪದರದಿಂದ ತೆಗೆದುದು ಅರಾಗೊನೈಟನ್ನೂ, ಕ್ಯಾಲ್ಸೈಟ್ ಪದರದಿಂದ ತೆಗೆದುದು ಬಹುಮಟ್ಟಿಗೆ ಕ್ಯಾಲ್ಸೈಟನ್ನೂ ಹುಟ್ಟಿಸಿದವು.

ಇಂತಹ ಪ್ರೋಟೀನುಗಳಲ್ಲಿ ಅನೇಕವು ಋಣವಿದ್ಯುತ್ತನ್ನು ಹೊತ್ತಿರುವುದರಿಂದ, ಧನವಿದ್ಯುತ್ತಿನ ಕ್ಯಾಲ್ಸಿಯಂ ಅಯಾನುಗಳನ್ನು ತಮ್ಮತ್ತ ಸೆಳೆಯುತ್ತವೆ. ಕೆಲವು ಹರಳು ಹುಟ್ಟುವ ಸ್ಥಳವನ್ನು ಒದಗಿಸುತ್ತವೆ. ಕೆಲವು ಹರಳಿನ ಒಂದು ಮುಖಕ್ಕೆ ಅಂಟಿ, ಆ ದಿಕ್ಕಿನ ಬೆಳವಣಿಗೆಯನ್ನು ತಡೆಯುತ್ತವೆ. ಕೆಲಸ ಮುಗಿದರೂ ಅವು ಅಲ್ಲಿಯೇ ಉಳಿಯುತ್ತವೆ. ಹೊಳೆಯುವ ಒಳಪದರವೆಂದರೆ ಸುಮಾರು ಅರ್ಧ ಮೈಕ್ರಾನ್ ದಪ್ಪದ ಹರಳಿನ ಬಿಲ್ಲೆಗಳ ಗೋಡೆ. ನಡುವಣ ಗಾರೆ ಈ ಸಾವಯವ ವಸ್ತು. ತೂಕದಲ್ಲಿ ನೂರಕ್ಕೆ ಐದರಷ್ಟೂ ಇರದು. ಆದರೂ ಬಿರುಕು ನೇರವಾಗಿ ಸಾಗದಂತೆ ಮಾಡುವುದು ಅದೇ.

ಹಲ್ಲಿನ ಮೇಲ್ಕವಚವಾದ ಎನಾಮೆಲಿನ ರೀತಿ ಇದಕ್ಕೆ ವಿರುದ್ಧ. ಇಲ್ಲಿನ ಖನಿಜವೂ ಬೇರೆ. ಅದು ಕ್ಯಾಲ್ಸಿಯಂ ಫಾಸ್ಫೇಟಿನ ಒಂದು ರೂಪ. ಹಲ್ಲು ವಸಡಿನೊಳಗಿರುವಾಗ ಕವಚ ಮೆತ್ತಗಿರುತ್ತದೆ. ಆಗ ಅದರಲ್ಲಿರುವ ಪ್ರೋಟೀನಿನ ಸುಮಾರು ತೊಂಬತ್ತು ಪಾಲು ಅಮೆಲೊಜೆನಿನ್. ಅದರ ಆಸರೆಯಲ್ಲಿ ನೀಳವಾದ ಹರಳುಗಳು ಸಾಲುಸಾಲಾಗಿ ಬೆಳೆಯುತ್ತವೆ. ಅನಂತರ, ಮನೆ ಕಟ್ಟಿದ ಮೇಲೆ ಸಾರುವೆ ಬಿಚ್ಚುವಂತೆ, ಎರಡು ಕಿಣ್ವಗಳು ಆ ಪ್ರೋಟೀನನ್ನು ಕತ್ತರಿಸಿ ತೆರವುಗೊಳಿಸುತ್ತವೆ. ಬರಿದಾದ ಜಾಗವನ್ನು ಹರಳುಗಳು ದಪ್ಪನಾಗಿ ಬೆಳೆದು ತುಂಬುತ್ತವೆ. ಬಲಿತ ಕವಚದ ತೂಕದಲ್ಲಿ ನೂರಕ್ಕೆ ೯೬ ಪಾಲು ಖನಿಜವೇ. ಕವಚವನ್ನು ಕಟ್ಟಿದ ಜೀವಕೋಶಗಳು ಹಲ್ಲು ಹೊರಬರುವ ವೇಳೆಗೆ ಅಳಿದುಹೋಗುವುದರಿಂದ, ಅದು ಒಮ್ಮೆ ಸವೆದರೆ ಮತ್ತೆ ಬೆಳೆಯದು.

ಪ್ರೋಟೀನು ಸಕಾಲದಲ್ಲಿ ತೆರಳದಿದ್ದರೆ ಏನಾಗುತ್ತದೆ? ನಮ್ಮ ಪಾವಗಡ, ಮುಂಡರಗಿಗಳ ಕಡೆ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಲೀಟರಿಗೆ ೧.೫ ಮಿಲಿಗ್ರಾಮಿನ ಮಿತಿಯನ್ನು ಮೀರಿರುತ್ತದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಅಂಥ ನೀರನ್ನು ಕುಡಿದರೆ ಅಮೆಲೊಜೆನಿನ್ ತೆರವಾಗುವುದು ತಡವಾಗಿ, ಕವಚದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಹಲ್ಲು ಹೊರಬಂದ ಮೇಲೆ ಅವುಗಳಲ್ಲಿ ಕಂದು ಬಣ್ಣ ಸೇರುತ್ತದೆ. ಎಷ್ಟು ಉಜ್ಜಿದರೂ ಅದು ಹೋಗದು. ಹಲ್ಲುಜ್ಜದ ಸೋಮಾರಿಗಳೆಂದು ಅಂಥ ಮಕ್ಕಳನ್ನು ಹೀಯಾಳಿಸುವುದು ಬರಿಯ ಅನ್ಯಾಯ. ಸುಮಾರು ಎಂಟು ವರ್ಷ ದಾಟಿದ ಮೇಲೆ ಆ ಊರಿಗೆ ಬಂದು ಅದೇ ನೀರನ್ನು ಕುಡಿದವರ ಮುಂಬಲ್ಲುಗಳಲ್ಲಿ ಈ ಕಲೆ ಮೂಡುವುದಿಲ್ಲ. ಅಷ್ಟರಲ್ಲಿ ಅವುಗಳ ಕವಚ ಕಟ್ಟಿ ಮುಗಿದಿರುತ್ತದೆ.