ಮುಳ್ಳಯ್ಯನಗಿರಿಯ ಮಳೆ ಯಾವ ಕಡಲಿಗೆ?

ಮುಳ್ಳಯ್ಯನಗಿರಿ ನಮ್ಮ ರಾಜ್ಯದ ಅತಿ ಎತ್ತರದ ಶಿಖರ, ಸುಮಾರು 1,930 ಮೀಟರ್. ಪಶ್ಚಿಮ ಘಟ್ಟದ ಸೀಮೆಯಲ್ಲಿ ಇಷ್ಟೆತ್ತರ ನಿಂತ ಬೆಟ್ಟದ ಮೇಲೆ ಸುರಿದ ಮಳೆಯಲ್ಲಿ ಅರ್ಧ ಪಾಲಾದರೂ ಅರಬ್ಬೀ ಸಮುದ್ರ ಸೇರೀತು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಇಲ್ಲಿಂದ ಹರಿದಿಳಿದ ನೀರಿನ ಒಂದು ಹನಿಯೂ ಆ ಕಡಲಿಗೆ ಹೋಗುವುದಿಲ್ಲ.

ಮೊದಲು ಬೆಟ್ಟದ ಮಾತು. ಶಿಖರದ ಮೇಲಿನ ಗದ್ದುಗೆಗೆ ಹೋಗುವ ಮೆಟ್ಟಿಲುಗಳ ಆಸುಪಾಸಿನಲ್ಲಿ ಒಡೆದ ಕಲ್ಲೊಂದನ್ನು ಎತ್ತಿ ನೋಡಿ: ಕಪ್ಪು, ಕೆಂಪು, ಬೂದು ಪಟ್ಟೆಗಳು, ಕೆಲವು ನೂಲಿನಷ್ಟೇ ತೆಳು. ಗಾತ್ರಕ್ಕೆ ಮೀರಿದ ಭಾರ. ಕೆಲವು ಚೂರಿಗೆ ಅಯಸ್ಕಾಂತ ಕಚ್ಚಿಕೊಳ್ಳುತ್ತದೆ. ಇದು ಪಟ್ಟೆ ಕಬ್ಬಿಣ ಶಿಲೆ. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿದ್ದ, 250 ಕೋಟಿ ವರ್ಷಕ್ಕೂ ಹಿಂದಿನ ಕಾಲದಲ್ಲಿ ಸಮುದ್ರದ ತಳದಲ್ಲಿ ಕಬ್ಬಿಣ ಮತ್ತು ಸಿಲಿಕಾ ಪದರಪದರವಾಗಿ ಕೂತು ಆದದ್ದು. ಭೂವಿಜ್ಞಾನಿಗಳು ಈ ಸ್ತರಕ್ಕೆ ಇದೇ ಗಿರಿಯ ಹೆಸರಿಟ್ಟಿದ್ದಾರೆ. ಮಳೆ, ಬಿಸಿಲು ಇದನ್ನು ಸುಲಭಕ್ಕೆ ಸವೆಸಲಾರವು. ಸುತ್ತಲಿನ ಮೆದು ಶಿಲೆ ಕೊಚ್ಚಿಹೋಯಿತು, ಇದು ಉಳಿಯಿತು. ಈ ಶಿಖರವಿರುವ ಬಾಬಾಬುಡನ್ ಗಿರಿಸಾಲಿನ ಉತ್ತರ ತುದಿಯ ಕೆಮ್ಮಣ್ಣುಗುಂಡಿಯ ಅದಿರು ಒಂದು ಕಾಲಕ್ಕೆ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು.

ಬಾಬಾಬುಡನ್ ಗಿರಿಸಾಲು ಲಾಳದಂತೆ ಬಾಗಿದೆ. ಬಾಯಿ ವಾಯವ್ಯಕ್ಕೆ, ಹೊಟ್ಟೆಯೊಳಗೆ ಜಾಗರ ಕಣಿವೆ. ನಮ್ಮ ಶಿಖರ ಇರುವುದು ಅದರ ದಕ್ಷಿಣದ ತೋಳಿನಲ್ಲಿ. ಎರಡು ಕಡಲಿಗೆ ನೀರು ಹಂಚುವ ಘಟ್ಟದ ಅಂಚು ಇನ್ನೂ ಪಶ್ಚಿಮಕ್ಕಿದೆ. ನಡುವೆ ಭದ್ರಾ ಉತ್ತರಕ್ಕೆ ಹರಿಯುತ್ತಾಳೆ; ಗಿರಿಯ ಪಶ್ಚಿಮಕ್ಕಿಳಿದ ನೀರನ್ನೆಲ್ಲ ಅಲ್ಲೇ ಅಡ್ಡಗಟ್ಟಿ ಒಯ್ಯುವವಳು ಅವಳೇ. ಮುಳ್ಳಯ್ಯನಗಿರಿಗಿಂತ ಎಷ್ಟೋ ಗಿಡ್ಡವಾದರೂ ಆ ಅಂಚಿನ ಮೇಲೇ ಇರುವ ಗಂಗಾಮೂಲ ಬೆಟ್ಟ ಮಾತ್ರ ನೇತ್ರಾವತಿಯನ್ನು ಪಶ್ಚಿಮಕ್ಕೂ ತುಂಗಾ, ಭದ್ರೆಯರನ್ನು ಪೂರ್ವದ ಕಡಲಿಗೂ ಕಳಿಸುತ್ತದೆ. ನೀರು ಹಂಚಲು ಎತ್ತರಕ್ಕಿಂತ ಜಾಗ ಮುಖ್ಯ, ನೋಡಿ.

ಆದರೂ ಬಾಬಾಬುಡನ್ ಸಾಲು ಸುಮ್ಮನೆ ಕೂತಿಲ್ಲ. ಕಡಲುಗಳನ್ನಲ್ಲದಿದ್ದರೂ, ಎರಡೂ ಪೂರ್ವದ ಕಡಲಿಗೇ ಸೇರುವ ಕೃಷ್ಣಾ, ಕಾವೇರಿ ಕೊಳ್ಳಗಳನ್ನು ಬೇರ್ಪಡಿಸುತ್ತದೆ. ಇಲ್ಲಿ ಹುಟ್ಟುವ ಯಗಚಿ ದಕ್ಷಿಣಕ್ಕೆ ಹೋಗಿ ಹೇಮಾವತಿ ಸೇರಿ ಕಾವೇರಿಯ ಪಾಲಾಗುತ್ತದೆ. ಪೂರ್ವದ ಇಳಿಜಾರಿನ ವೇದಾ, ಆವತಿ ಹಳ್ಳಗಳು ಕಡೂರಿನ ಬಯಲಲ್ಲಿ ಕೂಡಿ ವೇದಾವತಿಯಾಗಿ, ಮಳೆ ಕಡಿಮೆಯ ಸೀಮೆ ಹಾದು, ಮಾರಿಕಣಿವೆಯ ಜಲಾಶಯದಲ್ಲಿ ತಂಗಿ, ಮುಂದೆ ಹಗರಿ ಎನಿಸಿಕೊಂಡು ಸಿರುಗುಪ್ಪದ ಕಡೆ, ಕೃಷ್ಣೆಯನ್ನು ಸೇರುವ ತುಂಗಭದ್ರೆಗೆ ಬೀಳುತ್ತವೆ. ಬೆಟ್ಟದ ಪಶ್ಚಿಮ ಮಗ್ಗುಲಿನಿಂದ ಭದ್ರೆಗೆ ಇಳಿದಿದ್ದ ನೀರು, ತುಂಗೆ ಭದ್ರೆಯರು ಕೂಡುವ ಕೂಡಲಿಯ ದಾರಿಯಲ್ಲಿ ಅದೇ ತುಂಗಭದ್ರೆಗೇ ಬಂದಿರುತ್ತದೆ.