ಫುಟ್‌ಪಾತಿನಿಂದ ಕೇಪ್‌ಟೌನಿಗೆ

ಜಾಕಿನ್ ಅರ್ಪುತಂ ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದವರು. ತಮಿಳು ಮನೆಮಾತಿನ ಗಣಿ ಕುಟುಂಬದ ಹುಡುಗ. ಬೆಂಗಳೂರಿನಲ್ಲಿ ಕೆಲಕಾಲ ಬಡಗಿ ಕೆಲಸ ಮಾಡಿ, ಅರವತ್ತರ ದಶಕದಲ್ಲಿ ಮುಂಬೈ ಸೇರಿದರು. ಅಲ್ಲಿ ಜನತಾ ಕಾಲನಿ ಎಂಬ ಕೊಳೆಗೇರಿಯ ಬಯಲಲ್ಲೇ ಮಲಗಿ ಬದುಕು ಶುರುಮಾಡಿದರು. ಅಕ್ಟೋಬರ್ 2018ರಲ್ಲಿ ತೀರಿಕೊಂಡಾಗ ಅವರು ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕಗಳ ಸುಮಾರು 30 ದೇಶಗಳಿಗೆ ಹಬ್ಬಿದ್ದ ಸ್ಲಮ್ ಡ್ವೆಲರ್ಸ್ ಇಂಟರ್‌ನ್ಯಾಷನಲ್ ಎಂಬ ಜಾಲದ ಅಧ್ಯಕ್ಷರಾಗಿದ್ದರು. ಎಸ್‌ಡಿಐ ಎಂದರೆ ಆ ವಲಯದಲ್ಲಿ ಎಲ್ಲರಿಗೂ ಗೊತ್ತು.

ಅಂತರರಾಷ್ಟ್ರೀಯ ಸಹಕಾರ ಎಂದರೆ ನಮಗೆ ನೆನಪಾಗುವುದು ಜಿನೀವಾದ ಸಭಾಂಗಣ, ಕೊರಳಲ್ಲಿ ತೂಗುವ ಗುರುತಿನ ಚೀಟಿ, ಕೊನೆಯ ದಿನ ಹೊರಬೀಳುವ ಘೋಷಣಾಪತ್ರ. ಎಸ್‌ಡಿಐ ಇದನ್ನು ತಿರುವುಮುರುವು ಮಾಡಿತು. ಜೋಪಡಿಯಲ್ಲಿರುವ ಹೆಂಗಸು ಇನ್ನೊಂದು ದೇಶದ ಜೋಪಡಿಗೆ ಹೋಗಿ, ಅಲ್ಲಿಯವರೊಂದಿಗೆ ನಾಲ್ಕು ದಿನ ಇದ್ದು, ಅವರು ಲೆಕ್ಕ ಬರೆಯುವುದನ್ನು ನೋಡಿ ಬರಬೇಕು. ಅದೇ ತರಬೇತಿ. ತಜ್ಞರು ಬರಬಹುದು, ಆದರೆ ಹಿಂದಿನ ಸಾಲಿನಲ್ಲಿ ಕೂರಬೇಕು.

ಬೇರು ಮುಂಬೈಯದು. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಜಾಗ ಬೇಕೆಂದು 1976ರ ಮೇ ತಿಂಗಳಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಜನತಾ ಕಾಲನಿಯನ್ನು ನೆಲಸಮ ಮಾಡಲಾಯಿತು. ಸುಮಾರು 70,000 ಜನ ಚೀತಾ ಕ್ಯಾಂಪಿಗೆ ಸಾಗಬೇಕಾಯಿತು. ಅದಕ್ಕೂ ಮೊದಲೇ ಜಾಕಿನ್ ಹೆಸರು ಅಧಿಕಾರಿಗಳ ಕಿವಿಗೆ ಬಿದ್ದಿತ್ತು. ಪಾಲಿಕೆ ಕಸ ಎತ್ತುತ್ತಿಲ್ಲ ಎಂದು ಕಾಲನಿಯ ಮಕ್ಕಳ ಕೈಗೆ ಕಸದ ಪೊಟ್ಟಣ ಕೊಟ್ಟು, ಪಾಲಿಕೆ ಕಚೇರಿಯ ಮುಂದೆಯೇ ಸುರಿಸಿದ್ದ ಆಸಾಮಿ ಅವರು. ಎಪ್ಪತ್ತರ ದಶಕದಲ್ಲೇ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟವನ್ನೂ ಕಟ್ಟಿದರು.

1984ರಲ್ಲಿ ಶೀಲಾ ಪಟೇಲ್ ಮತ್ತು ಗೆಳೆಯರು ಸ್ಪಾರ್ಕ್ ಎಂಬ ಸಂಸ್ಥೆ ತೆರೆದರು. ಬೈಕುಲ್ಲಾದಲ್ಲಿ ಪಾಲಿಕೆ ಔಷಧಾಲಯದ ಹಿಂದಿದ್ದ ಗ್ಯಾರೇಜೇ ಅವರ ಕಾರ್ಯಸ್ಥಾನ. ಮರುವರ್ಷ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು. ಅದೇ ತೀರ್ಪು, ಮಳೆಗಾಲ ಕಳೆದ ಮೇಲೆ ಫುಟ್‌ಪಾತ್ ವಾಸಿಗಳನ್ನು ಎಬ್ಬಿಸಲು ಪಾಲಿಕೆಗೆ ದಾರಿಯನ್ನೂ ಬಿಟ್ಟಿತು. ಎಬ್ಬಿಸುವುದಾದರೆ ಯಾರನ್ನು, ಎಷ್ಟು ಮಂದಿಯನ್ನು? ಜನಗಣತಿಯ ಪುಸ್ತಕದಲ್ಲಿ ಅವರಿಗೆ ಜಾಗವಿರಲಿಲ್ಲ. ಆಗ ಸ್ಪಾರ್ಕ್ ಮತ್ತು ಫುಟ್‌ಪಾತಿನ ಜನ ಸೇರಿ ಸುಮಾರು 6,000 ಕುಟುಂಬಗಳನ್ನು ಎಣಿಸಿದರು. ಎಲ್ಲಿಂದ ಬಂದಿರಿ, ಏನು ಕೆಲಸ, ಎಷ್ಟು ವರ್ಷದಿಂದ ಇದ್ದೀರಿ ಎಂದೆಲ್ಲ ಕೇಳಿ ಬರೆದ ಆ ವರದಿಯ ಹೆಸರು ‘ವೀ, ದಿ ಇನ್‌ವಿಸಿಬಲ್’. ಇಡೀ ಚಳವಳಿಯಲ್ಲಿ ನನಗೆ ಅತ್ಯಂತ ಜಾಣತನದ್ದು ಅನ್ನಿಸುವ ನಡೆ ಇದೇ. ಅಂಕಿಅಂಶ ಕೈಯಲ್ಲಿ ಹಿಡಿದು ಬಂದವನಿಗೆ ಸರ್ಕಾರಿ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ.

1986ರಲ್ಲಿ ಹೆಂಗಸರ ಉಳಿತಾಯ ಗುಂಪುಗಳು ಮಹಿಳಾ ಮಿಲನ್ ಆದವು. ಜಾಕಿನ್ ಅವರ ಒಕ್ಕೂಟ, ಸ್ಪಾರ್ಕ್, ಮಹಿಳಾ ಮಿಲನ್ ಮೂರೂ ಒಂದು ಕೂಟವಾಗಿ ದುಡಿದವು. ಮಹಿಳಾ ಮಿಲನ್‌ನದು ತಿಂಗಳಿಗೊಮ್ಮೆ ಸಭೆ ಸೇರಿ ಕಂತು ಕಟ್ಟುವ ಪದ್ಧತಿಯಲ್ಲ. ಒಬ್ಬಾಕೆ ದಿನವೂ ಜೋಪಡಿಯಿಂದ ಜೋಪಡಿಗೆ ನಡೆದು ಎರಡೋ ಐದೋ ರೂಪಾಯಿ ಸಂಗ್ರಹಿಸುತ್ತಾಳೆ. ದುಡ್ಡು ಅದರಲ್ಲಿ ಅರ್ಧ ಮಾತ್ರ. ಯಾರ ಮಗುವಿಗೆ ಜ್ವರ, ಯಾರ ಗಂಡ ಕುಡಿದು ಹೊಡೆದ, ಯಾರ ಮನೆಯಲ್ಲಿ ಒಲೆ ಹಚ್ಚಿಲ್ಲ ಎಂಬುದು ಅವಳಿಗೆ ಆ ಸುತ್ತಿನಲ್ಲೇ ತಿಳಿಯುತ್ತದೆ. ಈ ಹೆಂಗಸರೇ ತಮಗೆ ಬೇಕಾದ ಮನೆಯ ನಕ್ಷೆಯನ್ನೂ ಯೋಚಿಸಿದರು: 14 ಅಡಿ ಎತ್ತರದ ಒಂದು ಕೋಣೆ, ಮೇಲೊಂದು ಅಟ್ಟ. ಕಟ್ಟಿಗೆ, ಬಟ್ಟೆಯಿಂದ ನಿಜಗಾತ್ರದ ಮನೆ ನಿಲ್ಲಿಸಿ ಅಧಿಕಾರಿಗಳನ್ನು ಒಳಗೆ ಕರೆದರು.

ಗಡಿ ದಾಟಿದ್ದು ಈ ಮೂರು ವಿದ್ಯೆಗಳೇ: ಎಣಿಕೆ, ದಿನದ ಉಳಿತಾಯ, ಮಾದರಿ ಮನೆ. ವರ್ಣಭೇದ ನೀತಿ ಇನ್ನೂ ಪೂರ್ತಿ ಕಳಚಿರದಿದ್ದ 1991ರಲ್ಲಿ ಜಾಕಿನ್ ದಕ್ಷಿಣ ಆಫ್ರಿಕಾದಲ್ಲಿ ಮನೆಯಿಲ್ಲದವರ ಸಮಾವೇಶವೊಂದಕ್ಕೆ ಹೋದರು. ಮುಂದೆ ಅಲ್ಲಿಯವರು ಮುಂಬೈಗೆ ಬಂದರು, ಇಲ್ಲಿಯವರು ಹೋದರು. 1996ರಲ್ಲಿ ಎಸ್‌ಡಿಐ ಹುಟ್ಟಿತು, ಕೇಪ್‌ಟೌನಿನಲ್ಲಿ ಕಚೇರಿಯಾಯಿತು. ನಮೀಬಿಯಾದ ಗುಂಪುಗಳು ದಕ್ಷಿಣ ಆಫ್ರಿಕಾದವರಿಂದ ಕಲಿತವು. ನಮೀಬಿಯಾದಲ್ಲಿ ಆಗ ನಿವೇಶನದ ಕನಿಷ್ಠ ಅಳತೆ 300 ಚದರ ಮೀಟರ್ ಆಗಿತ್ತು. ಬಡವರಿಗೆ ಅಷ್ಟು ಕೊಳ್ಳುವುದು ಕನಸಿನ ಮಾತಾಗಿತ್ತು. ವಿಂಡ್‌ಹುಕ್ ನಗರಾಡಳಿತ ಅದಕ್ಕಿಂತ ಚಿಕ್ಕ ನಿವೇಶನಕ್ಕೂ, ಗುಂಪಾಗಿ ಜಾಗ ಹಿಡಿಯುವುದಕ್ಕೂ ಒಪ್ಪಿಕೊಂಡಿತು. ಕೀನ್ಯಾದಿಂದ ರೈಲ್ವೆ ಅಧಿಕಾರಿಗಳನ್ನೂ ಹಳಿಯಂಚಿನ ನಿವಾಸಿಗಳನ್ನೂ ಒಟ್ಟಿಗೇ ಮುಂಬೈಗೆ ಕರೆತಂದು, ಇಲ್ಲಿ ಹಳಿಯ ಬದಿಯ ಸಾವಿರಾರು ಕುಟುಂಬಗಳು ಸ್ಥಳಾಂತರವಾದ ಬಗೆಯನ್ನು ತೋರಿಸಲಾಯಿತು. ಒಂದೇ ಪ್ರಯಾಣ ಮಾಡಿದವರು ಊರಿಗೆ ಮರಳಿ ಎದುರಾಳಿಗಳಂತೆ ಕೂರುವುದು ಸುಲಭವಲ್ಲ.

ಮುಂಬೈಯ ಆ ಸ್ಥಳಾಂತರ ಯೋಜನೆಯನ್ನು ಹೊಗಳುವಾಗ ಸ್ವಲ್ಪ ತಡೆಯಬೇಕು. ಹಣ ಕೊಟ್ಟಿದ್ದ ವಿಶ್ವಬ್ಯಾಂಕಿಗೆ ನಿವಾಸಿಗಳಿಂದ, ಅಂಗಡಿಕಾರರಿಂದ ದೂರು ಹೋಯಿತು. ಬ್ಯಾಂಕಿನದೇ ತಪಾಸಣಾ ಸಮಿತಿ ಲೋಪಗಳನ್ನು ಎತ್ತಿ ತೋರಿಸಿತು. 2006ರಲ್ಲಿ ಸಾಲದ ಒಂದು ಭಾಗವನ್ನು ಕೆಲವು ತಿಂಗಳು ತಡೆಹಿಡಿಯಲಾಯಿತು. ಆ ಯೋಜನೆಯಲ್ಲಿ ಜಾಕಿನ್ ಅವರ ಒಕ್ಕೂಟ, ಸ್ಪಾರ್ಕ್‌ಗಳೂ ಸರ್ಕಾರದ ಜೊತೆ ಕೈಜೋಡಿಸಿದ್ದವು. ಹಾಗೆ ಕೈಜೋಡಿಸಿದ ಸಂಘಟನೆ ಸರ್ಕಾರದ ತಪ್ಪಿನ ಪಾಲನ್ನೂ ಹೊರಬೇಕಾಗುತ್ತದೆ. ಜಾಕಿನ್ ಜಗಳಕ್ಕಿಂತ ಮಾತುಕತೆಯನ್ನು ಆರಿಸಿಕೊಂಡವರು. ಹಾಗಾಗಿ ಹಳೆಯ ಹೋರಾಟಗಾರರು ಅವರನ್ನು ಅನುಮಾನದಿಂದ ನೋಡಿದ್ದೂ ಉಂಟು. ಆದರೂ, ಬುಲ್ಡೋಜರ್ ಬರುವ ಮೊದಲೇ ಪಟ್ಟಿ ತಯಾರಿಟ್ಟುಕೊಂಡ ಬೀದಿಗೂ ಇಟ್ಟುಕೊಳ್ಳದ ಬೀದಿಗೂ ಇರುವ ವ್ಯತ್ಯಾಸ ದೊಡ್ಡದು. ಈ ವಿಷಯದಲ್ಲಿ ನನ್ನ ಮತ ಜಾಕಿನ್ ಕಡೆಗೇ.

ಅವರಿಗೆ 2000ದಲ್ಲಿ ಮ್ಯಾಗ್ಸೆಸೆ, 2011ರಲ್ಲಿ ಪದ್ಮಶ್ರೀ ಬಂದವು. ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ ಈ ಮುಂಬೈ ಕೂಟದ ಬಗ್ಗೆ ಬರೆದ ಪ್ರಬಂಧವನ್ನು ವಿಶ್ವವಿದ್ಯಾಲಯಗಳಲ್ಲಿ ಓದಿಸುತ್ತಾರೆ. ಕೆಜಿಎಫ್‌ನಿಂದ ಹೊರಟ ದಾರಿಯನ್ನು ಜಾಕಿನ್ ಅವರೇ 2008ರಲ್ಲಿ ‘ಎನ್ವಿರಾನ್‌ಮೆಂಟ್ ಅಂಡ್ ಅರ್ಬನೈಸೇಷನ್’ ಪತ್ರಿಕೆಯಲ್ಲಿ ಸರಳವಾಗಿ ಹೇಳಿಕೊಂಡಿದ್ದಾರೆ. ಆಸಕ್ತರು ಹುಡುಕಿ ಓದಬಹುದು. ಯಾರಾದರೂ ಅದನ್ನು ಕನ್ನಡಕ್ಕೆ ತಂದು ಕೆಜಿಎಫ್‌ನ ಶಾಲೆಗಳಿಗೆ ತಲುಪಿಸಿದರೆ ಇನ್ನೂ ಒಳ್ಳೆಯದು.