ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಿಂದ ಮಂಗಳೂರಿಗೆ ವಾಸ ಬದಲಾಯಿಸುವವರಿಗೆ ಮಾಹಿತಿ

ಉದ್ಯೋಗ ಅಥವಾ ಮಕ್ಕಳ ವಿದ್ಯಾಭ್ಯಾಸದ ನಿಮಿತ್ತ ಮಂಗಳೂರು ನಗರಕ್ಕೆ ವಾಸ ಬದಲಾಯಿಸುವ ಕುಟುಂಬಗಳು ಊರಿನ ದಾಖಲೆಗಳನ್ನು ಅವಸರದಲ್ಲಿ ರದ್ದುಪಡಿಸಿಕೊಳ್ಳಬಾರದು. ಕೆಳಕಂಡ ಕ್ರಮವನ್ನು ಅನುಸರಿಸುವುದು ಸೂಕ್ತ.

1. ಬಾಡಿಗೆ ಮನೆ: ನಗರಕ್ಕೆ ನೇತ್ರಾವತಿ ನದಿಯ ತುಂಬೆ ಕಿಂಡಿ ಅಣೆಕಟ್ಟಿನಿಂದ ನೀರು ಪೂರೈಕೆಯಾಗುತ್ತದೆ. 2019 ಮತ್ತು 2023ರ ಬೇಸಿಗೆಯಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ಆದುದರಿಂದ ಮನೆಗೆ ಬಾವಿ ಇದೆಯೇ ಎಂಬುದನ್ನು ಮುಂಗಡ ಪಾವತಿಸುವ ಮೊದಲೇ ವಿಚಾರಿಸಿರಿ. ನೋಂದಾಯಿತ ಬಾಡಿಗೆ ಕರಾರು ಪತ್ರವು ವಿಳಾಸದ ಪುರಾವೆಯಾಗುತ್ತದೆ.

2. ಆಧಾರ್: ಉಳಿದ ದಾಖಲೆಗಳಿಗಿಂತ ಮೊದಲು ಇದರಲ್ಲಿ ವಿಳಾಸ ಬದಲಾಯಿಸಿಕೊಳ್ಳಿರಿ. ನೋಂದಾಯಿತ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿದ್ದಲ್ಲಿ ಆನ್‌ಲೈನ್ ಮೂಲಕವೇ ಅರ್ಜಿ ಸಲ್ಲಿಸಬಹುದು.

3. ಪಡಿತರ: ಚೀಟಿ ಊರಿನ ವಿಳಾಸದಲ್ಲಿದ್ದರೂ ಪೋರ್ಟಬಿಲಿಟಿ ಸೌಲಭ್ಯದಡಿ ನಗರದ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ನೀಡಿ ಪಡಿತರ ಪಡೆಯಬಹುದು. ಚೀಟಿ ರದ್ದುಪಡಿಸಿ ಹೊಸದಕ್ಕೆ ಕಾದಲ್ಲಿ ಆ ಅವಧಿಯ ಪಡಿತರ ಕೈತಪ್ಪುತ್ತದೆ.

4. ಮತದಾರರ ಪಟ್ಟಿ: ಹೆಸರು ಎರಡು ಕಡೆ ಇರುವಂತಿಲ್ಲ. ವಾಸ ಬದಲಾವಣೆಗೆ ನಮೂನೆ-8ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ ಮುಂಚಿತವಾಗಿಯೇ ಸಲ್ಲಿಸಿದಲ್ಲಿ ಮತದಾನದ ಅವಕಾಶ ತಪ್ಪುವುದಿಲ್ಲ.

5. ಜಮೀನು: ವಾಸ ಬದಲಾಯಿಸಿದ ಮಾತ್ರಕ್ಕೆ ಊರಿನ ತೋಟದ ಪಹಣಿ ಬದಲಾಗುವುದಿಲ್ಲ. ಜಮೀನು ಇರುವ ತಾಲ್ಲೂಕು ಕಚೇರಿಯನ್ನೇ ಸಂಪರ್ಕಿಸಬೇಕು. ಹಳೆಯ ಪತ್ರಗಳಲ್ಲಿ ಪುತ್ತೂರು ತಾಲ್ಲೂಕು ಎಂದಿದ್ದು, ಗ್ರಾಮವು ಈಗ ಕಡಬಕ್ಕೆ ಸೇರಿದ್ದಲ್ಲಿ ಕಡಬದ ಕಚೇರಿಗೆ ಹೋಗತಕ್ಕದ್ದು.

ಪ್ರತಿ ಅರ್ಜಿಯ ಸ್ವೀಕೃತಿ ಪತ್ರವನ್ನು ಕೆಲಸ ಪೂರ್ಣವಾಗುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಲು ಸಾರ್ವಜನಿಕರನ್ನು ಕೋರಲಾಗಿದೆ.